ಹದಿನಾರು ಗಂಡಿಲಿಗಳ ಹಬ್ಬದ ಪಾಲು

ಈಸ್ಟರ್ ಸೋಮವಾರದ ಬೆಳಿಗ್ಗೆ, ಕೊಶಿತ್ಸೆ ಊರಿನ ಗಂಡಸರೆಲ್ಲ ಹಬ್ಬದ ರೂಢಿಯಂತೆ ನೀರಿನ ಬಕೆಟ್ ಹಿಡಿದುಕೊಂಡು ಹೆಂಗಸರ ಹಿಂದೆ ಓಡುತ್ತಿದ್ದ ಹೊತ್ತಿನಲ್ಲಿ, ವೆಂಡೆಲೀನ್ ಹ್ರಾಬ್ಚಾಕ್ ಇಲಿಮನೆಯ ತೊಟ್ಟಿಯ ಮುಂದೆ ನಿಂತು ಬಾಟಲಿ ತೊಳೆಯುತ್ತಿದ್ದ. ಒಟ್ಟು ಮೂವತ್ತೆರಡು ಬಾಟಲಿ. ಸಂಶೋಧನಾಲಯಕ್ಕೆ ರಜೆ ಇತ್ತು, ಪ್ರೊಫೆಸರಿಗೆ ರಜೆ ಇತ್ತು, ಗೇಟಿನ ನಾಯಿಗೂ ರಜೆ ಇದ್ದಂತೆ ಕಾಣುತ್ತಿತ್ತು. ಇಲಿಗಳಿಗೆ ಮಾತ್ರ ಹಸಿವಿಗೆ ರಜೆ ಕೊಡುವ ಅಭ್ಯಾಸವಿರಲಿಲ್ಲ. ಹಾಗಾಗಿ ವೆಂಡೆಲೀನನಿಗೂ ಇರಲಿಲ್ಲ.

ಹತ್ತೊಂಬತ್ತನೆಯ ಬಾಟಲಿಯ ಕುತ್ತಿಗೆಯೊಳಗೆ ಬ್ರಷ್ ಸಿಕ್ಕಿಕೊಂಡಿದ್ದಾಗ ಕಿಟಕಿಯ ಗಾಜು ಟಕ್ ಟಕ್ ಎಂದಿತು. ಹೊರಗಿನ ಓಣಿಯಲ್ಲಿ ಅವನ ಏಳು ವರ್ಷದ ಮಗಳು ರೋಜಾಲ್ಕಾ ಮೂಗನ್ನು ಗಾಜಿಗೆ ಒತ್ತಿ ನಿಂತಿದ್ದಳು. ಮಕ್ಕಳು ಇಲಿಮನೆಯ ಒಳಗೆ ಬರುವಂತಿಲ್ಲ. ಗಾಜಿನಾಚೆಯಿಂದ ಎಷ್ಟು ಬೇಕಾದರೂ ನೋಡಬಹುದು. ಅವಳ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ತಾತ ಅವಳ ಹಾಸಿಗೆಯ ಮೇಲೇ ಒಂದು ಬಕೆಟ್ ಸುರಿದು, "ವರ್ಷಪೂರ್ತಿ ಗಟ್ಟಿಮುಟ್ಟಾಗಿರು ಕಂದಾ" ಎಂದು ಹರಸಿದ್ದರು. ಹಾಸಿಗೆಯನ್ನು ಯಾರು ಒಣಗಿಸಬೇಕು ಎಂಬ ಬಗ್ಗೆ ಮಾತ್ರ ಅವರು ಏನೂ ಹೇಳಿರಲಿಲ್ಲ.

"ಅಪ್ಪಾ, ಇವರಿಗೆ ನೀರು ಹಾಕಿದ್ಯಾ?" ಎಂದು ಅವಳು ಗಾಜಿಗೆ ಬಾಯಿ ಹಚ್ಚಿ ಕೂಗಿದಳು.

"ಬಾಟಲಿ ತೊಳೀತಿದ್ದೀನಲ್ಲ ಪುಟ್ಟಿ, ಈಗ ಹಾಕ್ತೀನಿ."

"ಕುಡಿಯೋ ನೀರಲ್ಲ! ಹಬ್ಬದ ನೀರು! ಹೆಂಗಸರಿಗೆ ಇವತ್ತು ನೀರು ಹಾಕದೇ ಇದ್ರೆ ವರ್ಷವೆಲ್ಲ ಕಾಯಿಲೆ ಬೀಳ್ತಾರಂತೆ. ತಾತ ಹೇಳಿದ್ರು."

ವೆಂಡೆಲೀನ್ ಬ್ರಷ್ ಬಿಟ್ಟು ತಿರುಗಿ ನೋಡಿದ. ಎಡಗಡೆಯ ಸಾಲಿನಲ್ಲಿ ಹದಿನಾರು ಹೆಣ್ಣಿಲಿ, ಬಲಗಡೆಯ ಸಾಲಿನಲ್ಲಿ ಹದಿನಾರು ಗಂಡಿಲಿ. ಎಲ್ಲವೂ ಬೆಳ್ಳಗೆ, ಎಲ್ಲವಕ್ಕೂ ಹುಟ್ಟಿನಿಂದಲೇ ಏರಿದ ರಕ್ತದೊತ್ತಡ. ಅವುಗಳಿಗೆ ಉರಿಯೂತ ಇಳಿಸುವ ಒಂದು ಮದ್ದು ಕೊಟ್ಟರೆ ರಕ್ತದೊತ್ತಡವೂ ಇಳಿಯುತ್ತದೆಯೇ, ಇಳಿದರೆ ಗಂಡಿಗೂ ಹೆಣ್ಣಿಗೂ ಒಂದೇ ಸಮ ಇಳಿಯುತ್ತದೆಯೇ ಎಂದು ಡಾಕ್ಟರ್ ಸಿದೋನಿಯಾ ಉಹ್ರಿನೋವಾ ಮೂರು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಪ್ರತಿ ಸಾಲಿನಲ್ಲೂ ಎಂಟಕ್ಕೆ ಮದ್ದು, ಎಂಟಕ್ಕೆ ಬರೀ ನೀರು. ಪ್ರತಿ ಮಂಗಳವಾರ ಬಾಲಕ್ಕೆ ಬೆರಳುಂಗುರದಷ್ಟು ಪಟ್ಟಿ ಸುತ್ತಿ ಒತ್ತಡ ಅಳೆಯುವುದು. ವೆಂಡೆಲೀನನ ಪಾಲಿನ ಕೆಲಸ ಅನ್ನ, ನೀರು, ಹೊಟ್ಟಿನ ಹಾಸಿಗೆ. ಅದನ್ನು ಅವನು ಹನ್ನೊಂದು ವರ್ಷದಿಂದ ಎಷ್ಟು ಅಕ್ಕರೆಯಿಂದ ಮಾಡುತ್ತಿದ್ದನೆಂದರೆ, ಅವನು ಬಾಗಿಲು ತೆರೆದರೆ ಇಲಿಗಳು ಎದ್ದು ನಿಲ್ಲುತ್ತಿದ್ದವು. ಪ್ರೊಫೆಸರ್ ಬಂದರೆ ಹೊಟ್ಟಿನಲ್ಲಿ ಹೂತುಕೊಳ್ಳುತ್ತಿದ್ದವು.

ಹದಿನಾರು ಹೆಂಗಸರು ಹಬ್ಬದ ದಿನ ಒಣಗಿಕೊಂಡು ಕೂತಿದ್ದಾರೆ, ಕಟ್ಟಡದಲ್ಲಿರುವುದು ತಾನೊಬ್ಬನೇ ಗಂಡಸು. ವೆಂಡೆಲೀನನಿಗೆ ನಾಚಿಕೆಯಾಯಿತು. ಅವನು ಬೆರಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಒಂದೊಂದು ಹೆಣ್ಣಿಲಿಯ ನೆತ್ತಿಗೂ ಒಂದೊಂದು ಹನಿ ಚಿಮುಕಿಸಿ, "ಗಟ್ಟಿಮುಟ್ಟಾಗಿರಮ್ಮಾ" ಎಂದ. ಹೆಣ್ಣಿಲಿಗಳು ಮೀಸೆ ಒರೆಸಿಕೊಂಡು, ಹೊಟ್ಟು ಕೆದಕಿಕೊಂಡು ಮಲಗಿದವು. ಊರಿನ ಹೆಂಗಸರಂತೆ ಕಿರುಚಲಿಲ್ಲ, ಓಡಲಿಲ್ಲ. ಸಭ್ಯಸ್ಥರು.

ಆದರೆ ಹಬ್ಬ ಅಷ್ಟಕ್ಕೇ ಮುಗಿಯುವುದಿಲ್ಲವಲ್ಲ. ನೀರು ಹಾಕಿದ ಗಂಡಸನ್ನು ಕೂರಿಸಿ ಹ್ಯಾಮ್ ಬಡಿಸಬೇಕು. ಅದೂ ಎಂಥ ಹ್ಯಾಮ್! ವೆಂಡೆಲೀನನ ಮಾವ, ಅಂದರೆ ಹೆಂಡತಿಯ ಅಪ್ಪ ಅಲೋಯ್ಜ್ ತಮ್ಮ ಕೈಯಾರೆ ಎರಡು ವಾರ ಉಪ್ಪಿನಲ್ಲಿ ಹೂತು, ಆಮೇಲೆ ಹೊಗೆ ಹಾಕಿ ಹದಮಾಡಿದ ಇಡೀ ಹಂದಿತೊಡೆ. ಒಂದು ಚೂರು ನಾಲಿಗೆಯ ಮೇಲಿಟ್ಟರೆ ಸಮುದ್ರವೇ ಬಾಯಿಗೆ ಬಂದಂತಾಗುತ್ತಿತ್ತು. ಅದರ ನಾಲ್ಕು ಹೋಳು ವೆಂಡೆಲೀನನ ಬುತ್ತಿಯಲ್ಲಿತ್ತು. ಅವನು ಬಲಗಡೆಯ ಸಾಲನ್ನು ನೋಡಿದ. ಹದಿನಾರು ಗಂಡಸರು ಮೀಸೆ ಅಲ್ಲಾಡಿಸುತ್ತಾ ಅವನನ್ನೇ ನೋಡುತ್ತಿದ್ದರು.

"ನೀವೂ ಗಂಡಸರೇ ಅಲ್ವೇನ್ರಯ್ಯಾ" ಎಂದು ಅವನು ಹ್ಯಾಮನ್ನು ಕಡಲೆಕಾಳಿನಷ್ಟು ದಪ್ಪಕ್ಕೆ ಕತ್ತರಿಸಿ ಒಬ್ಬೊಬ್ಬರಿಗೂ ಹಂಚಿದ.

ಗಾಜಿನಾಚೆ ರೋಜಾಲ್ಕಾಳ ಹುಬ್ಬು ಗಂಟಿಕ್ಕಿತು. "ಅಪ್ಪಾ, ಮತ್ತೆ ಆ ಕಡೆಯವರಿಗೆ—"

ಫೋನ್ ಹೊಡೆದುಕೊಂಡಿತು. ಹೆಂಡತಿ ಒತೀಲಿಯಾ. "ಎಲ್ಲಿದ್ದೀರಿ? ನಿಮ್ಮ ಸೋದರಮಾವಂದಿರು ನಾಲ್ಕೂ ಜನ ಬಂದು ನನ್ನನ್ನ ತೊಯ್ಸಿ ಊಟಕ್ಕೆ ಕೂತಿದ್ದಾರೆ. ನನಗೆ ಒದ್ದೆ ಬಟ್ಟೆ ಬದಲಾಯಿಸೋಕೂ ಪುರುಸೊತ್ತಿಲ್ಲ. ಬೇಗ ಬನ್ನಿ, ಬರ್ತಾ ಮೂಲಂಗಿ ಚಟ್ನಿ ತನ್ನಿ!"

ರೋಜಾಲ್ಕಾಳ ಪ್ರಶ್ನೆ ಗಾಜಿನ ಮೇಲಿನ ಉಸಿರಿನ ಮಂಜಿನಲ್ಲೇ ಉಳಿಯಿತು.

ಆ ಹ್ಯಾಮ್ ಒಂದು ದಿನಕ್ಕೆ ಮುಗಿಯುವಂಥದಾಗಿರಲಿಲ್ಲ. ಒಂಬತ್ತು ಕಿಲೋ. ಸೋದರಮಾವಂದಿರು ತಿಂದದ್ದು ಎರಡು. ಉಳಿದದ್ದನ್ನು ಎಸೆಯುವ ಮಾತೆತ್ತಿದರೆ ಮಾವ ಮೂರು ದಿನ ಮಾತು ಬಿಡುತ್ತಿದ್ದರು. ಒತೀಲಿಯಾ ಟ್ರಾಮ್ ಓಡಿಸುವವಳು, ನಸುಕಿಗೇ ಏಳುತ್ತಿದ್ದಳು. ಎದ್ದವಳೇ ಗಂಡನಿಗೆ ನಾಲ್ಕು ಹೋಳು ಹ್ಯಾಮ್ ಕಟ್ಟಿಟ್ಟು ಹೊರಡುತ್ತಿದ್ದಳು. ಬುಧವಾರದ ಹೊತ್ತಿಗೆ ವೆಂಡೆಲೀನನಿಗೆ ಹ್ಯಾಮಿನ ಹೆಸರೇ ಬೇಡವಾಗಿತ್ತು. ಬುತ್ತಿಯನ್ನು ಹಾಗೇ ವಾಪಸು ಒಯ್ದರೆ ಹೆಂಡತಿಗೆ ಬೇಸರ, ಕಸಕ್ಕೆ ಹಾಕಿದರೆ ತನ್ನ ಮನಸ್ಸಿಗೇ ಬೇಸರ. ಬಲಗಡೆಯ ಸಾಲಿನವರಿಗೆ ಮಾತ್ರ ಯಾವ ಬೇಸರವೂ ಇರಲಿಲ್ಲ. ಹೀಗೆ ಹಬ್ಬ ಮುಗಿದರೂ ಗಂಡಿಲಿಗಳ ಹಬ್ಬ ಮುಗಿಯಲಿಲ್ಲ. ಶಾಲೆ ಬಿಟ್ಟ ಮೇಲೆ ರೋಜಾಲ್ಕಾ ದಿನಾ ಗಾಜಿಗೆ ಮೂಗೊತ್ತಿ ಇದನ್ನೆಲ್ಲ ನೋಡುತ್ತಿದ್ದಳು.

ಎಡಗಡೆಯವರಿಗೆ ಕೊಡಬೇಕೆಂದು ವೆಂಡೆಲೀನನಿಗೆ ಹೊಳೆಯಲೇ ಇಲ್ಲ. ಹೆಣ್ಣಿಲಿಗಳ ಮೇಲೆ ಅವನಿಗೆ ದ್ವೇಷವಿರಲಿಲ್ಲ. ಅವರದು ನೀರಿನ ಬಾಬತ್ತು, ಇವರದು ಹ್ಯಾಮಿನ ಬಾಬತ್ತು ಎಂದು ಅವನ ಅಜ್ಜನ ಕಾಲದಿಂದ ತೀರ್ಮಾನವಾಗಿತ್ತು, ಅಷ್ಟೇ.

ಹಬ್ಬದ ನಂತರದ ಎರಡನೆಯ ಮಂಗಳವಾರ ಡಾಕ್ಟರ್ ಸಿದೋನಿಯಾ ಅಳತೆ ಮುಗಿಸಿ ಓಣಿಗೆ ಓಡಿ ಬಂದು ವೆಂಡೆಲೀನನ ಎರಡೂ ಕೈ ಹಿಡಿದುಕೊಂಡರು. ಮೂವತ್ತು ವರ್ಷದ ಸಣಕಲು ಹೆಣ್ಣುಮಗಳು. ಸಂತೋಷವಾದರೆ ಮೂಗಿನ ತುದಿ ಕೆಂಪಾಗುತ್ತಿತ್ತು.

"ವೆಂಡೆಲೀನ್ ಅವರೇ, ಸಿಕ್ತು! ಮದ್ದು ಕುಡಿದ ಹೆಣ್ಣುಗಳ ಒತ್ತಡ ಸರಸರ ಇಳೀತಿದೆ. ಗಂಡುಗಳದ್ದು ಇಳಿಯೋದಿರಲಿ, ಏರ್ತಿದೆ! ಒಂದೇ ಮದ್ದು, ಒಂದೇ ಅನ್ನ, ಒಂದೇ ಮನೆ. ಆದರೂ ಎಷ್ಟು ವ್ಯತ್ಯಾಸ ನೋಡಿ!"

"ಒಂದೇ ಅನ್ನ" ಎಂಬ ಮಾತು ವೆಂಡೆಲೀನನ ಒಂದು ಕಿವಿಯಲ್ಲಿ ಹೊಕ್ಕು, ಒಳಗೆ ಯಾರೂ ಇಲ್ಲದ್ದನ್ನು ಕಂಡು, ಇನ್ನೊಂದು ಕಿವಿಯಲ್ಲಿ ಹೊರಟುಹೋಯಿತು.

ಮದ್ದು ಕುಡಿಯದ ಗಂಡುಗಳ ಒತ್ತಡವೂ ಏರಿತ್ತು. ಅದಕ್ಕೆ ಪ್ರೊಫೆಸರ್ ತೊಂಪೋಶ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಯೋಚಿಸಿ, "ವಸಂತಕಾಲ" ಎಂದು ವಿವರಣೆ ಕೊಟ್ಟರು. ಇಪ್ಪತ್ತಾರು ವರ್ಷ ಪ್ರೊಫೆಸರಾಗಿದ್ದವರು, ಸುಮ್ಮನೆ ಹೇಳುವವರಲ್ಲ.

"ಪ್ರಾಗ್‌ನಲ್ಲಿ ಇದನ್ನ ಓದ್ತೀನಿ. ಬರೋ ವಾರ ಗುರುವಾರ ರೈಲು" ಎಂದರು ಸಿದೋನಿಯಾ. "ಮೂರು ವರ್ಷ, ವೆಂಡೆಲೀನ್ ಅವರೇ. ನಮ್ಮಮ್ಮ ಫೋನ್ ಮಾಡಿದಾಗಲೆಲ್ಲ, 'ಇನ್ನೂ ಇಲಿಗಳ ಜೊತೇನಾ' ಅಂತಿದ್ರು. ಈಗ ಹೇಳ್ತೀನಿ ಅವರಿಗೆ."

ವೆಂಡೆಲೀನನ ಎದೆ ಉಬ್ಬಿತು. ಆ ಎದೆ ಉಬ್ಬುವುದಕ್ಕೆ ಮೊದಲೇ ಸ್ವಲ್ಪ ಜಾಗ ಮಾಡಿಕೊಂಡಿತ್ತೆಂದು ಹೇಳಬೇಕು. ಅವನ ಮನೆಯ ಅಂಚೆಪೆಟ್ಟಿಗೆಯ ಮೇಲೆ ಬೇರೆಯವರಂತೆ ಬರೀ ಹೆಸರಿರಲಿಲ್ಲ. "ವೆಂಡೆಲೀನ್ ಹ್ರಾಬ್ಚಾಕ್, ರಕ್ತದೊತ್ತಡ ವಿಭಾಗ" ಎಂದು ನೀಟಾಗಿ ಬರೆದಿತ್ತು. ಭಾನುವಾರ ಅವನ ಬಿಳಿ ಕೋಟು ಬಾಲ್ಕನಿಯಲ್ಲಿ ಎಲ್ಲರಿಗೂ ಕಾಣುವಂತೆ ಒಣಗುತ್ತಿತ್ತು. ಅದರ ಬೆನ್ನಿನ ಮೇಲಿನ ಇಲಿ ಹಿಕ್ಕೆಯ ಕಲೆ ಗೋಡೆಯ ಕಡೆಗೆ ಇರುವಂತೆ ಅವನೇ ತಿರುಗಿಸಿ ಹಾಕುತ್ತಿದ್ದ.

ಆ ಸಂಜೆ ಅವನ ಮನೆಯಿದ್ದ ಎಂಟು ಅಂತಸ್ತಿನ ಕಟ್ಟಡದ ಮುಂದಿನ ಬೆಂಚಿನ ಮೇಲೆ ಎಂದಿನವರು ಕೂತಿದ್ದರು: ಮಾವ ಅಲೋಯ್ಜ್, ಅವರ ಇಸ್ಪೀಟು ಗೆಳೆಯ ಬರ್ತಲೋಮೇಯ್, ಮತ್ತು ಮೂರನೆಯ ಅಂತಸ್ತಿನ ಕೊರ್ನೇಲಿಯಾ. ಈಕೆ ನಿವೃತ್ತ ಅಂಚೆ ಅಧಿಕಾರಿ. ಆ ಅಂಚೆಪೆಟ್ಟಿಗೆಯ ಬರಹ ಕಂಡ ದಿನದಿಂದ ವೆಂಡೆಲೀನನನ್ನು ಹೆಸರು ಹಿಡಿದು ಕರೆದವರಲ್ಲ.

"ಏನು ವಿಭಾಗದವರೇ, ಮುಖ ಇಷ್ಟಗಲ ಆಗಿದೆ? ಬಡ್ತಿ ಬಂತಾ?"

ವೆಂಡೆಲೀನ್ ಚೀಲ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ನಾವು ಒಂದು ಸಂಗತಿ ಕಂಡುಹಿಡಿದಿದ್ದೀವಿ" ಎಂದ. "ಬಿಪಿ ಮದ್ದು ಹೆಂಗಸರಿಗೆ ಮಾತ್ರ ಹತ್ತುತ್ತೆ. ಗಂಡಸರಿಗೆ ಹತ್ತಲ್ಲ."

ಅವನು ಹೇಳಬೇಕಾಗಿದ್ದದ್ದು: ಒಂದು ಮದ್ದು, ಒಂದು ಜಾತಿಯ ಇಲಿ, ಎರಡು ಮಂಗಳವಾರದ ಅಳತೆ. ಆದರೆ ಬೆಂಚಿನ ಮುಂದೆ ನಿಂತವನು ಅಷ್ಟು ಚಿಲ್ಲರೆಯಾಗಿ ಮಾತಾಡುವುದುಂಟೆ?

ಕೊರ್ನೇಲಿಯಾ ಹೆಣೆಯುತ್ತಿದ್ದ ಕಾಲುಚೀಲವನ್ನು ಮಡಿಲಿಗೆ ಬಿಟ್ಟು ಕೈ ಮುಗಿದರು. "ಅಬ್ಬಾ ದೇವರೇ! ನಲವತ್ತು ವರ್ಷ ಸಂಸಾರ ಮಾಡಿ ನಾನು ಕಂಡಿದ್ದನ್ನ ನೀವು ಇಲಿ ಸಾಕಿ ಕಂಡಿದ್ದೀರಿ. ಗಂಡಸರಿಗೆ ಏನು ಕೊಟ್ಟರೂ ಹತ್ತಲ್ಲ ಕಣ್ರೀ. ಬುದ್ಧಿ ಹತ್ತಲ್ಲ, ಬೈಗುಳ ಹತ್ತಲ್ಲ, ಇನ್ನು ಮದ್ದು ಹತ್ತುತ್ತಾ?"

"ಹಾಗಾದ್ರೆ ನಾನು ನುಂಗ್ತಿರೋ ಮಾತ್ರೆ?" ಎಂದರು ಮಾವ.

"ಅದು ಬೇರೆ ಮಾವ, ಅದು—"

"ಬೇರೆ ಏನು ಬಂತು? ಬಿಪಿ ಮದ್ದು ತಾನೇ? ನಾನು ಗಂಡಸು ತಾನೇ? ಒಂಬತ್ತು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಸುಣ್ಣದಂಥ ಮಾತ್ರೆ ನುಂಗಿಸ್ತಿದ್ದೀರಿ! ಬರ್ತಲೋಮೇಯ್, ಕೇಳಿದ್ಯೇನೋ? ವಿಜ್ಞಾನ ನಮ್ಮ ಕಡೆ ಇದೆ. ಇವತ್ತಿಂದ ಮಾತ್ರೆ ಬಂದ್."

"ನಂದೂ ಬಂದ್" ಎಂದರು ಬರ್ತಲೋಮೇಯ್. ಅವರು ನುಂಗುತ್ತಿದ್ದದ್ದು ಹೊಟ್ಟೆಹುಣ್ಣಿನ ಮಾತ್ರೆ. ಆದರೂ ಗಂಡಸರ ಒಗ್ಗಟ್ಟು ಎಂಬುದೊಂದು ಇರುತ್ತದೆ.

ಅಪ್ಪನ ಜೊತೆಗೇ ಬಂದಿದ್ದ ರೋಜಾಲ್ಕಾ ಅವನ ಕೋಟು ಜಗ್ಗಿದಳು. "ಅಪ್ಪಾ, ಆದ್ರೆ ನೀನು ಗಂಡು ಇಲಿಗಳಿಗೆ—"

"ದೊಡ್ಡವರು ಮಾತಾಡ್ತಿದ್ದಾರೆ ಕಂದಾ" ಎಂದು ವೆಂಡೆಲೀನ್ ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ಅವಳ ಬಾಯಿಗಿಟ್ಟ. ಪೆಪ್ಪರಮೆಂಟು ಗಟ್ಟಿ ಜಾತಿಯದು. ಕರಗುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು.

ಒಂದು ವಾರದಲ್ಲಿ ಸುದ್ದಿ ಎಂಟೂ ಅಂತಸ್ತು ಹತ್ತಿ ಇಳಿಯಿತು. ಎರಡನೆಯ ಅಂತಸ್ತಿನ ನವವಧು ಗಂಡನಿಗೆ ಬಂದ ಶೀತಕ್ಕೆ ಮದ್ದು ಕೊಡಲಿಲ್ಲವಂತೆ, "ಸುಮ್ನೆ ಯಾಕೆ ದಂಡ" ಎಂದಳಂತೆ. ಕೊರ್ನೇಲಿಯಾ ಲಿಫ್ಟಿನಲ್ಲಿ ಸಿಕ್ಕ ಗಂಡಸರನ್ನೆಲ್ಲ ವಾಸಿಯಾಗದ ರೋಗಿಗಳನ್ನು ನೋಡುವ ಹಾಗೆ ನೋಡಿ, ನಿಟ್ಟುಸಿರು ಬಿಟ್ಟು, ಅವರಿಗಾಗಿ ತಾವೇ ಗುಂಡಿ ಒತ್ತಿಕೊಟ್ಟರು.

ಹಬ್ಬ ಕಳೆದು ಸರಿಯಾಗಿ ಎರಡು ವಾರಕ್ಕೆ, ಸೋಮವಾರ, ಮಾವ ಬೆಂಚಿನಿಂದ ಏಳುವಾಗ ತಲೆ ಸುತ್ತಿ ಮತ್ತೆ ಕೂತರು. ವೆಂಡೆಲೀನ್ ಅವರನ್ನು ಪಾಲಿಕ್ಲಿನಿಕ್ಕಿಗೆ ಕರೆದುಕೊಂಡು ಹೋದ; ಶಾಲೆ ಬಿಟ್ಟ ರೋಜಾಲ್ಕಾಳೂ ಜೊತೆಗೆ. ಅಲ್ಲಿನ ಡಾಕ್ಟರಮ್ಮ ದಪ್ಪ ಕಾಲರಿನ ಗಟ್ಟಿ ಹೆಂಗಸು. ಮಾವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಅಂಕಿ ನೋಡಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಅಲೋಯ್ಜ್ ತಾತ, ಈ ಅಂಕಿ ಇಟ್ಕೊಂಡು ನಡ್ಕೊಂಡು ಹೇಗೆ ಬಂದ್ರಿ? ಮಾತ್ರೆ ತಗೋತಿದ್ದೀರಾ?"

"ಗಂಡಸರಿಗೆ ಅದು ಹತ್ತಲ್ಲವಂತೆ."

"ಯಾರು ಹೇಳಿದ್ದು?"

ಮಾವ ಹೆಮ್ಮೆಯಿಂದ ಅಳಿಯನ ಕಡೆ ಕೈ ತೋರಿಸಿದರು. "ರಕ್ತದೊತ್ತಡ ವಿಭಾಗ."

ಡಾಕ್ಟರಮ್ಮ ವಿಭಾಗವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ದೃಷ್ಟಿ ಮುಡಿಗೆ ತಲುಪುವ ಹೊತ್ತಿಗೆ ವಿಭಾಗ ಅರ್ಧದಷ್ಟಾಗಿತ್ತು. "ಏನು ತಿಂತಿದ್ದೀರಿ ತಾತ?"

"ಏನೂ ಇಲ್ಲ. ನನ್ನದೇ ಹ್ಯಾಮ್. ದಿನಾ ಬೆಳಿಗ್ಗೆ ಎರಡು ಹೋಳು."

"ದಿನಾ! ಹಬ್ಬ ಆಗಿ ಎರಡು ವಾರ ಆಯ್ತು, ದಿನಾ ಹ್ಯಾಮ್! ಅದು ಹ್ಯಾಮಲ್ಲ ತಾತ, ಉಪ್ಪಿನ ಗಣಿ. ಒತ್ತಡ ಇರೋರಿಗೆ ಅಷ್ಟು ಉಪ್ಪು ಕೊಟ್ರೆ ಯಾವ ಮದ್ದು ತಾನೇ ಕೆಲಸ ಮಾಡುತ್ತೆ? ಆನೆಗೆ ಕೊಟ್ರೂ ಏರುತ್ತೆ, ಇಲಿಗೆ ಕೊಟ್ರೂ ಏರುತ್ತೆ!"

ಇಲಿ ಎಂದ ಕೂಡಲೇ ರೋಜಾಲ್ಕಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅಪ್ಪ ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡುತ್ತಿದ್ದ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಕಡಲೆಕಾಳಿನಷ್ಟು ದಪ್ಪ, ದಿನಕ್ಕೆ ಹದಿನಾರು. ಎರಡು ವಾರ. ಬಲಗಡೆಯ ಸಾಲು.

ಮಾವನ ಕೈಗೆ ಮಾತ್ರೆಯ ಚೀಟಿ ಬಂತು. ಅವರು ಅಲ್ಲೇ ನಲ್ಲಿಯ ಹತ್ತಿರ ಒಂದು ನುಂಗಿ, "ಹತ್ತಿದ್ರೂ ಹತ್ತಬಹುದು" ಎಂದರು.

ಮನೆಗೆ ಹೋಗಲು ಸಿಕ್ಕ ಟ್ರಾಮ್ ಒತೀಲಿಯಾಳದೇ ಆಗಿತ್ತು. ವೆಂಡೆಲೀನ್ ಮಾವನನ್ನು ಕೂರಿಸಿ, ಚಾಲಕಿಯ ಬೆನ್ನಿನ ಹಿಂದಿನ ಸಣ್ಣ ಕಿಂಡಿಗೆ ಬಾಯಿ ತಂದು ಎಲ್ಲವನ್ನೂ ಹೇಳಿದ. ಹೇಳುವುದು ಮೂರು ಸ್ಟಾಪಿನಷ್ಟು ಉದ್ದವಾಯಿತು.

"ಚಾಲಕರ ಜೊತೆ ಮಾತಾಡಬಾರದು ಅಂತ ಬೋರ್ಡಿದೆ" ಎಂದಳು ಒತೀಲಿಯಾ, ರಸ್ತೆಯಿಂದ ಕಣ್ಣು ತೆಗೆಯದೆ.

"ಒತ್ಕಾ, ನನ್ನ ಕೆಲಸ ಹೋಗುತ್ತೆ."

"ನಾನು ಕಟ್ಟಿಕೊಟ್ಟ ಬುತ್ತಿ ಇಲಿಗೆ ಹಾಕಿದ್ರಾ?"

"ಕೆಲಸದ ಮಾತು ಬಿಡು. ಆ ಹುಡುಗಿ ಗುರುವಾರ ಪ್ರಾಗ್‌ಗೆ ಹೋಗ್ತಾಳೆ. ನೂರಾರು ಜನರ ಮುಂದೆ ನಿಂತು, ಮದ್ದು ಗಂಡಿಗೆ ಹತ್ತಲ್ಲ ಅಂತಾಳೆ. ನಾಳೆ ಯಾವನೋ ಬೇರೆ ಊರಲ್ಲಿ ಅದೇ ಅಳತೆ ಮಾಡ್ತಾನೆ, ಹತ್ತುತ್ತೆ. ಅವಳ ಮೂರು ವರ್ಷಕ್ಕೆ ಜನ ನಗ್ತಾರೆ. ಅವಳಿಗೆ ಗೊತ್ತೂ ಆಗಲ್ಲ, ಅದು ನಮ್ಮ ಮಾವನ ಹ್ಯಾಮ್ ಅಂತ."

ಟ್ರಾಮ್ ನಿಂತಿತು. ಒತೀಲಿಯಾ ಕನ್ನಡಿಯಲ್ಲಿ ಗಂಡನ ಮುಖ ನೋಡಿದಳು. ದನಿ ಮೆತ್ತಗಾಯಿತು. "ಬುತ್ತಿ ಬೇಡ ಅಂದಿದ್ರೆ ನಾನೇನು ತಿಂದುಬಿಡ್ತಿದ್ನಾ ನಿಮ್ಮನ್ನ? ಹೋಗಿ ಹೇಳಿಬಿಡಿ. ಕತ್ತು ಹಿಡಿದು ಆಚೆ ಹಾಕೋ ಹುಡುಗಿ ಅಲ್ಲ ಅವಳು." ಆಮೇಲೆ ಗಂಟೆ ಬಾರಿಸಿ ಎಲ್ಲರಿಗೂ ಕೇಳುವಂತೆ, "ಮುಂದಿನ ಸ್ಟಾಪ್, ಸಂಶೋಧನಾಲಯ!" ಎಂದಳು.

"ಅಪ್ಪಾ" ಎಂದಳು ರೋಜಾಲ್ಕಾ, "ಈಗಾದ್ರೂ ಕೇಳ್ಲಾ?"

"ಈಗ ಬೇಡ ಕಂದಾ" ಎಂದ ವೆಂಡೆಲೀನ್. ಮೊದಲೆರಡು ಸಲ ಅವಳ ಪ್ರಶ್ನೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಈ ಸಲ ಗೊತ್ತಿತ್ತು.

ಸಿದೋನಿಯಾ ತಮ್ಮ ಕೋಣೆಯಲ್ಲಿ ಒತ್ತಡದ ಗೆರೆ ಎಳೆದ ಪಟಗಳ ನಡುವೆ ಮುಳುಗಿದ್ದರು. ಮಾವನನ್ನೂ ಮಗಳನ್ನೂ ಟ್ರಾಮಿನಲ್ಲೇ ಬಿಟ್ಟು ಬಂದ ವೆಂಡೆಲೀನ್ ಬಾಗಿಲಲ್ಲಿ ನಿಂತು ಟೋಪಿ ಹಿಂಡಿದ.

"ಡಾಕ್ಟರ್ ಮೇಡಂ, ಹ್ಯಾಮ್ ವಿಷಯ ಒಂದು ಮಾತು..."

"ಅಯ್ಯೋ ವೆಂಡೆಲೀನ್ ಅವರೇ!" ಸಿದೋನಿಯಾ ಎದ್ದು ನಿಂತರು. "ನಿಮಗೆ ಹೇಗೆ ಗೊತ್ತಾಯ್ತು? ಬುಧವಾರ ನಮ್ಮವರ ಮುಂದೆ ಒಂದ್ಸಲ ಓದಿ ನೋಡ್ತಿದ್ದೀನಿ. ಎಲ್ಲರಿಗೂ ತಿನ್ನೋಕೆ ಏನಿಡೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಮಾವನ ಹ್ಯಾಮ್ ಅಂದ್ರೆ ಪ್ರೊಫೆಸರಿಗೆ ಪ್ರಾಣ!"

"ಅದಲ್ಲ ಮೇಡಂ, ಆ ಹ್ಯಾಮು... ಇಲಿ..."

"ಇಲಿಮನೇಲಿ ಬೇಡ, ಪಾಪ, ವಾಸನೆಗೆ ಅವು ಕುಣಿದಾಡ್ತವೆ. ಮೇಲಿನ ಕೋಣೇಲೇ ಇಡೋಣ. ಎಷ್ಟು ಒಳ್ಳೆಯವರು ನೀವು!" ಅಷ್ಟರಲ್ಲಿ ಅವರ ಮುಖ ಸಣ್ಣದಾಯಿತು. ಒಂದು ಪಟ ಎತ್ತಿ ತೋರಿಸಿದರು. "ನಿಮ್ಮ ಹತ್ರ ಹೇಳ್ತೀನಿ, ಪ್ರೊಫೆಸರಿಗೆ ಹೇಳಬೇಡಿ. ನನಗೆ ಈ ಗೆರೆ ನೋಡಿದ್ರೆ ಊಟ ಸೇರಲ್ಲ. ಹಬ್ಬದವರೆಗೂ ಗಂಡುಗಳದ್ದೂ ಇಳೀತಾ ಇತ್ತು, ಹೆಣ್ಣುಗಳ ಹಾಗೇ. ಆಮೇಲೆ ತಟಕ್ ಅಂತ ಮೇಲಕ್ಕೆ. ಮದ್ದಿಲ್ಲದವುಗಳದ್ದೂ ಮೇಲಕ್ಕೆ. ವಸಂತಕಾಲ ಅಂತೆ! ವಸಂತ ಒಂದು ಸೋಮವಾರ ಶುರುವಾಗುತ್ತಾ? ಯಾಕೆ ಅಂತ ಯಾರಾದ್ರೂ ಹೇಳಿದ್ರೆ ಅವರ ಹಣೆಗೆ ಮುತ್ತು ಕೊಟ್ಟೇನು. ತಪ್ಪಾಗಿದ್ರೆ ಮತ್ತೆ ಮಾಡಬಹುದು, ಇಲಿ ಇದಾವೆ, ನಾನಿದ್ದೀನಿ, ನೀವಿದ್ದೀರಿ. ತಪ್ಪು ಅಂತ ಗೊತ್ತಾಗದೇ ಹೋಗೋದೇ ಭಯ."

ಅದೇ ಸರಿಯಾದ ಗಳಿಗೆ. ವೆಂಡೆಲೀನ್ ಬಾಯಿ ತೆರೆದ. ಪ್ರೊಫೆಸರ್ ತೊಂಪೋಶ್ ಒಳಗೆ ಬಂದರು. ವೆಂಡೆಲೀನನ ತೆರೆದ ಬಾಯಿಂದ ಹೊರಟದ್ದು, "ಎಷ್ಟು ಜನಕ್ಕೆ ತರಲಿ?"

ಹೀಗೆ ತಪ್ಪೊಪ್ಪಿಗೆಗೆ ಹೋದವನು ಇಪ್ಪತ್ತು ಜನರ ಅಡಿಗೆ ಒಪ್ಪಿಕೊಂಡು ಬಂದ.

ಅಂದಿನಿಂದ ಬಲಗಡೆಯ ಸಾಲಿಗೆ ಹ್ಯಾಮ್ ನಿಂತಿತು. ಗಂಡಿಲಿಗಳು ಸರಳಿಗೆ ಮುಖ ಹಚ್ಚಿ ಅವನನ್ನು ನೋಡಿದ ರೀತಿ, ಮಾತ್ರೆ ನುಂಗುವಾಗ ಮಾವ ನೋಡಿದ ರೀತಿಯೇ.

ಬುಧವಾರ ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ಇಪ್ಪತ್ತು ಜನ ಸೇರಿದರು. ಮೇಜಿನ ಮೇಲೆ ಉಳಿದ ಹ್ಯಾಮು, ಮೊಟ್ಟೆ, ಕರಿಬ್ರೆಡ್ಡು, ಮೂಲಂಗಿ ಚಟ್ನಿ. ಬಾಗಿಲ ಪಕ್ಕದ ಕೊನೆಯ ಎರಡು ಕುರ್ಚಿಯಲ್ಲಿ ವೆಂಡೆಲೀನ್ ಮತ್ತು ರೋಜಾಲ್ಕಾ. ಅವನು ಹಿಕ್ಕೆಯ ಕಲೆ ಇಲ್ಲದ ಇನ್ನೊಂದು ಕೋಟು ಹಾಕಿಕೊಂಡಿದ್ದ. ಜೇಬಿನಲ್ಲಿ ಒಂದು ಪೆಪ್ಪರಮೆಂಟಿತ್ತು.

ಸಿದೋನಿಯಾ ಚೆನ್ನಾಗಿ ಓದಿದರು. ಮೂಗಿನ ತುದಿ ಕೆಂಪಾಗಿತ್ತು. "ಎರಡೂ ಗುಂಪಿಗೆ ಒಂದೇ ಆಹಾರ, ಒಂದೇ ನೀರು, ಒಂದೇ ಆರೈಕೆ" ಎಂದು ಓದಿ, ತಲೆ ಎತ್ತಿ, ಕೊನೆಯ ಸಾಲಿನ ವೆಂಡೆಲೀನನತ್ತ ನೋಡಿ ನಕ್ಕರು. "ಆ ಆರೈಕೆ ಮಾಡಿದವರು ಇಲ್ಲಿದ್ದಾರೆ. ಪ್ರಾಗ್‌ನಲ್ಲಿ ಅವರ ಹೆಸರನ್ನೂ ಓದ್ತೀನಿ."

ಜನ ಚಪ್ಪಾಳೆ ತಟ್ಟಿದರು. ವೆಂಡೆಲೀನನಿಗೆ ಅಂಚೆಪೆಟ್ಟಿಗೆಯ ಮೇಲಿನ ಬರಹ ನೆನಪಾಗಿ ಅದನ್ನು ಈಗಲೇ ಓಡಿಹೋಗಿ ಕೆರೆದು ಹಾಕಬೇಕೆನಿಸಿತು.

ಪ್ರೊಫೆಸರ್ ತೊಂಪೋಶ್ ಎದ್ದರು. ಅವರ ತಟ್ಟೆಯಲ್ಲಿ ಆಗಲೇ ಮೂರನೆಯ ಹೋಳು ಹ್ಯಾಮ್ ಇತ್ತು. "ಈಗ ಪ್ರಶ್ನೆ ಕೇಳಿ. ಎಷ್ಟು ದಡ್ಡ ಪ್ರಶ್ನೆ ಆದ್ರೂ ಪರವಾಗಿಲ್ಲ. ಅಲ್ಲಿ ಪರರು ಕೇಳಿ ನಗೋದಕ್ಕಿಂತ ಇಲ್ಲಿ ನಮ್ಮವರೇ ಕೇಳಿ ನಗಲಿ."

ಎಲ್ಲರ ಬಾಯಿಯೂ ತುಂಬಿತ್ತು. ಸಿದೋನಿಯಾ ಒಂದೊಂದೇ ಮುಖ ನೋಡುತ್ತಾ ನಿಂತರು. ಪಟದ ಮೇಲೆ ಆ ಗೆರೆ ಹಬ್ಬದ ಸೋಮವಾರದಿಂದ ತಟಕ್ಕನೆ ಮೇಲೇರಿ ನಿಂತಿತ್ತು. ಅವರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ವೆಂಡೆಲೀನನ ಪಕ್ಕದಲ್ಲಿ ಒಂದು ಪುಟ್ಟ ಕೈ ಮೆಲ್ಲಗೆ ಮೇಲೆದ್ದಿತು. ಕಿವಿಯ ಎತ್ತರಕ್ಕೆ ಬಂದು, ಅಪ್ಪನ ಮುಖ ನೋಡಿ, ಅರ್ಧಕ್ಕೇ ನಿಂತಿತು. ಎರಡು ವಾರದಲ್ಲಿ ಆ ಕೈ ಕಲಿತಿದ್ದು ಅದು.

ವೆಂಡೆಲೀನ್ ಜೇಬಿಗೆ ಕೈ ಹಾಕಿದ. ಪೆಪ್ಪರಮೆಂಟು ಬೆರಳಿಗೆ ಸಿಕ್ಕಿತು. ಅದನ್ನು ಹೊರಗೆ ತೆಗೆದ, ಸುರುಳಿ ಬಿಚ್ಚಿದ, ತನ್ನ ಬಾಯಿಗೇ ಹಾಕಿಕೊಂಡ. ಆಮೇಲೆ ಮಗಳ ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು ಆ ಕೈಯನ್ನು ಪೂರ್ತಿ ಮೇಲಕ್ಕೆ ಎತ್ತಿಸಿದ.

"ಡಾಕ್ಟರ್ ಮೇಡಂ" ಎಂದ. ಪೆಪ್ಪರಮೆಂಟಿನಿಂದ ಮಾತು ಸ್ವಲ್ಪ ತೊದಲಿತು. "ನನ್ನ ಮಗಳಿಗೆ ಒಂದು ಪ್ರಶ್ನೆ ಇದೆ. ಹಬ್ಬದ ದಿನದಿಂದ ಇದೆ. ಉತ್ತರ ನಾನು ಹೇಳ್ತೀನಿ."

ಪ್ರೊಫೆಸರ್ ನಕ್ಕರು, ಇನ್ನೂ ಕೆಲವರು ನಕ್ಕರು. ಸಿದೋನಿಯಾ ನಗಲಿಲ್ಲ. ಪಟ ತೋರಿಸುತ್ತಿದ್ದ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಕೋಣೆಯ ಉದ್ದಕ್ಕೂ ನಡೆದು ಬಂದು, ರೋಜಾಲ್ಕಾಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

"ಕೇಳು ಚಿನ್ನ" ಎಂದರು. "ನಾನು ಕೇಳಿಸ್ಕೊಳ್ತೀನಿ."

ರೋಜಾಲ್ಕಾ ಅಪ್ಪನನ್ನು ನೋಡಿದಳು. ಅಪ್ಪ ತಲೆ ಆಡಿಸಿದ. ಅವಳು ಪ್ರೊಫೆಸರ ತಟ್ಟೆಯನ್ನು ನೋಡಿದಳು, ಪಟದ ಮೇಲಿನ ಎರಡು ಗೆರೆಗಳನ್ನು ನೋಡಿದಳು, ಉಸಿರು ಎಳೆದುಕೊಂಡು ಇಡೀ ಕೋಣೆಗೆ ಕೇಳುವಂತೆ ಕೇಳಿದಳು:

"ನಮ್ಮಪ್ಪ ಹಬ್ಬದ ದಿನದಿಂದ ಗಂಡು ಇಲಿಗಳಿಗೆ ದಿನಾ ಹ್ಯಾಮ್ ಕೊಟ್ರು. ಹೆಣ್ಣು ಇಲಿಗಳಿಗೆ ಯಾಕೆ ಬರೀ ನೀರು?"